ಮಗನ ಹೆಸರಿನಲ್ಲಿ ಓಡಿದವನು

ಓಡು ಅಂತ ಡಾಕ್ಟರು ಹೇಳಿದ್ದು ಪಾಂಗ್ ಜಿಂಗ್‌ಹಾನನಿಗೆ. ಓಡಿದ್ದು ಅವನ ಅಪ್ಪ. ಇಷ್ಟು ಹೇಳಿದರೆ ಕಥೆ ಮುಗಿದ ಹಾಗೆಯೇ. ಆದರೆ ನಾಚಿಕೆ ಅನ್ನುವುದು ಅಷ್ಟು ಬೇಗ ಮುಗಿಯುವ ಸಾಮಾನಲ್ಲ, ಆದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ.

ಜಿಂಗ್‌ಹಾನ್ ವುಹಾನಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೆಯ ವರ್ಷದ ಹುಡುಗ. ತರಗತಿಯ ಮೇಲಿನ ಕೆಲವರಿಗೆ ಮಾತ್ರ ಪ್ರವೇಶ ಪರೀಕ್ಷೆಯ ಗೋಳಿಲ್ಲದೆ ಮುಂದಿನ ಓದಿಗೆ ನೇರ ಸೀಟು ಸಿಗುತ್ತದೆ. ಇವನು ಆ ಕೆಲವರಲ್ಲಿ ಕೊನೆಯವನು. ಹಿಂದಿದ್ದವನು ಸ್ವಲ್ಪ ಜಾಸ್ತಿ ಅಂಕ ತೆಗೆದನೋ, ಇವನು ಹೊರಗೆ. ಆ ಭಯಕ್ಕೆ ಹುಡುಗ ಒಣಗಿಹೋದ. ಕಣ್ಣಿಗೆ ನಿದ್ದೆ ಹತ್ತದು, ತಿಂದದ್ದು ಹೊಟ್ಟೆಯಲ್ಲಿ ನಿಲ್ಲದು, ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಹಾಸ್ಟೆಲಿನಲ್ಲಿ ಗಲಾಟೆ ಅಂತ ಅದೇ ಊರಿನಲ್ಲಿದ್ದ ಮನೆಗೇ ಬಂದುಬಿಟ್ಟ. ಅಮ್ಮ ಗುಯಿಲಾನ್ ಟೀವಿಗೆ ಬಟ್ಟೆ ಹೊದಿಸಿದಳು. ಅಪ್ಪನಿಗೆ ಕೆಮ್ಮು ಬಂದರೆ ಮೆಟ್ಟಿಲ ಹತ್ತಿರ ಹೋಗಿ ಕೆಮ್ಮಿ ಬರಬೇಕು ಅಂತ ಕಟ್ಟಪ್ಪಣೆಯಾಯಿತು.

ಕಾಲೇಜಿನ ಆಸ್ಪತ್ರೆಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಕನ್ನಡಕ ತೆಗೆದಿಟ್ಟು ಹೇಳಿದ್ದರು: "ನಿಂಗೇನೂ ರೋಗ ಇಲ್ಲ ಕಣಪ್ಪ. ಕೂತೂ ಕೂತೂ ಹಿಂಗಾಗಿದೀಯ. ಬೆಳಿಗ್ಗೆ ಎದ್ದು ಓಡು. ತಲೆ ಹಗುರ ಆಗುತ್ತೆ, ಹೊಟ್ಟೆ ಹಸಿಯುತ್ತೆ, ನಿದ್ದೆ ತಾನಾಗೇ ಬರುತ್ತೆ."

ಕಾಲೇಜಿನ ಕಟ್ಟಳೆಯೂ ಅದೇ. ವಿದ್ಯಾರ್ಥಿಗಳ ಮೊಬೈಲಿನಲ್ಲಿ ಓಟದ ಆಪ್ ಒಂದಿರುತ್ತದೆ. ಪ್ರತಿ ಸೆಮಿಸ್ಟರಿನಲ್ಲೂ ಇಂತಿಷ್ಟು ದೂರ ಓಡಿದ್ದು ಅದರಲ್ಲಿ ಕಾಣಬೇಕು. ಕಾಣದಿದ್ದರೆ ದೈಹಿಕ ಶಿಕ್ಷಣದಲ್ಲಿ ನಪಾಸು, ನೇರ ಸೀಟಿನ ಮಾತು ಅಲ್ಲಿಗೇ ಬಂದ್. ಹೋದ ವರ್ಷ ಒಬ್ಬ ಪುಣ್ಯಾತ್ಮ ಮೊಬೈಲನ್ನು ನಾಯಿಯ ಕೊರಳಿಗೆ ಕಟ್ಟಿ ಬಿಟ್ಟಿದ್ದ. ಸಿಕ್ಕಿಬಿದ್ದ. ಅವನ ಹೆಸರನ್ನು ನೋಟೀಸ್ ಬೋರ್ಡಿಗೆ ಹಾಕಿದರು, ಸೀಟೂ ಹೋಯಿತು, ಮರ್ಯಾದೆಯೂ ಹೋಯಿತು. ಹುಡುಗರು ಇವತ್ತಿಗೂ ಅವನನ್ನು ಕಂಡರೆ ಬೊಗಳುತ್ತಾರೆ.

ಜಿಂಗ್‌ಹಾನ್ ಒಂದು ದಿನ ಓಡಿದ. ಸುಳ್ಳು ಹೇಳಬಾರದು, ಓಡಿದ. ಯಾಂಗ್‌ತ್ಸೆ ನದಿಯ ಏರಿಯ ಮೇಲೆ ಹೆಂಗಸರು ಹಾಡು ಹಾಕಿಕೊಂಡು ಕುಣಿಯುವ ಜಾಗದವರೆಗೆ ಹೋಗಿದ್ದನೋ ಇಲ್ಲವೋ, ಪಕ್ಕೆ ಹಿಡಿದುಕೊಂಡಿತು. ಬೇಲಿ ಹಿಡಿದು ಬಗ್ಗಿ ವಾಂತಿ ಮಾಡಿಕೊಂಡ. ಕುಣಿತ ನಿಂತಿತು. "ಅಯ್ಯೋ ಪಾಪ, ಯಾರ ಮಗುವೇ ಇದು? ಮನೇಲಿ ಊಟ ಹಾಕಲ್ವೇನೋ" ಅಂತ ಒಬ್ಬಾಕೆ ಮರುಗಿದಳು. ಇನ್ನೊಬ್ಬಳು ನಕ್ಕೇಬಿಟ್ಟಳು. ಅಷ್ಟೇ. ಮನೆಗೆ ಬಂದು ಬಾಗಿಲು ಹಾಕಿಕೊಂಡವನು ಮರುದಿನ ಏಳಲಿಲ್ಲ.

"ಬೆಳಿಗ್ಗೆ ಓದಿದ್ರೆ ತಾನೇ ತಲೆಗೆ ಹತ್ತೋದು? ಆ ಹೊತ್ತನ್ನ ಓಡಿ ಹಾಳ್ ಮಾಡ್ಬೇಕಾ?" ಎಂದಳು ಅಮ್ಮ. "ಆ ಡಾಕ್ಟರಿಗೇನು, ಬಾಯಿಗೆ ಬಂದಿದ್ದು ಹೇಳ್ತಾರೆ."

"ಆಪ್ ಕೇಳುತ್ತಲ್ಲಮ್ಮ" ಎಂದ ಮಗ, ಹೊದಿಕೆಯೊಳಗಿನಿಂದ.

ಅಪ್ಪ ಬಾಗಿಲ ಹತ್ತಿರ ನಿಂತಿದ್ದ. ಅವನು ಸಿಟಿ ಬಸ್ ಡ್ರೈವರು. ರಕ್ತದೊತ್ತಡ ಏರಿತು ಅಂತ ಕಂಪನಿಯವರು ಸ್ಟೇರಿಂಗ್ ಬಿಡಿಸಿ ಡಿಪೋ ಗೇಟಿನಲ್ಲಿ ಕೂರಿಸಿದ್ದರು. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. "ಆಪ್‌ಗೇನು ಕಾಲು ಯಾರ್ದು ಅಂತ ಗೊತ್ತಾಗುತ್ತಾ? ಫೋನ್ ನಂಗೆ ಕೊಡು. ನಂಗೂ ಹೊಟ್ಟೆ ಇಳೀಬೇಕು. ನೀನು ಮಲಕ್ಕೋ" ಎಂದ.

ಆಪ್‌ಗೆ ಕಾಲು ಗೊತ್ತಾಗದಿದ್ದರೂ ಮುಖ ಬೇಕಿತ್ತು. ಓಟ ಶುರುವಾಗುವ ಮೊದಲು ಒಂದು ಸಲ ಓಡುವವನ ಮುಖ ತೋರಿಸಬೇಕು. ಹಾಗಾಗಿ ದಿನವೂ ಬೆಳಕು ಹರಿಯುವ ಹೊತ್ತಿಗೆ ಅಪ್ಪ ಸದ್ದಿಲ್ಲದೆ ಒಳಗೆ ಬಂದು, ಮಂಚದ ಮೇಲೆ ಬಗ್ಗಿ ಮೊಬೈಲ್ ಹಿಡಿಯುತ್ತಿದ್ದ. "ಕಣ್ಬಿಡು ಮಗಾ. ಒಂಚೂರು. ಹಾಂ, ಆಯ್ತು." ಮಗ ಕಣ್ಣು ಬಿಟ್ಟು ಮುಚ್ಚುತ್ತಿದ್ದ. ಹೊದಿಕೆ ಸರಿದಿದ್ದರೆ ಅಪ್ಪ ಎಳೆದು ಸರಿಮಾಡಿ ಹೋಗುತ್ತಿದ್ದ. ಮೈಮೇಲೆ ಮಗ ಹೈಸ್ಕೂಲಿನಲ್ಲಿ ಹಾಕಿಕೊಳ್ಳುತ್ತಿದ್ದ ನೀಲಿ-ಬಿಳಿ ಯೂನಿಫಾರಂ. ಗಟ್ಟಿ ಬಟ್ಟೆ, ಯಾಕೆ ಬಿಸಾಡಬೇಕು ಅಂತ ಆ ಊರಿನ ಅರ್ಧ ಅಪ್ಪಂದಿರು ಮಕ್ಕಳ ಹಳೇ ಯೂನಿಫಾರಂ ಸವೆಸುವವರೇ. ಇವನಿಗೆ ಜಿಪ್ಪು ಹೊಟ್ಟೆಯ ಹತ್ತಿರ ಬಂದು ನಿಂತುಬಿಡುತ್ತಿತ್ತು.

ಮೊದಮೊದಲು ಅಪ್ಪ ಬಂದು ಮೆಟ್ಟಿಲಲ್ಲೇ ಕೂತುಬಿಡುತ್ತಿದ್ದ, ಮಾತಾಡಲು ಉಸಿರಿರುತ್ತಿರಲಿಲ್ಲ. ಚಳಿಗಾಲ ಕಳೆಯುವಷ್ಟರಲ್ಲಿ ಜಿಪ್ಪು ಕೊರಳವರೆಗೆ ಬಂತು. ಡಾಕ್ಟರು ಮಗನಿಗೆ ಹೇಳಿದ ಗುಣವೆಲ್ಲ ಅಪ್ಪನಿಗಾಯಿತು ನೋಡಿ! ತಲೆ ಹಗುರ, ಹೊಟ್ಟೆ ಹಸಿವು, ದಿಂಬಿಗೆ ತಲೆ ಕೊಟ್ಟರೆ ಗೊರಕೆ. ಬರುವಾಗ ಎಳ್ಳಿನ ಗೊಜ್ಜು ಕಲಸಿದ ಬಿಸಿ ನೂಡಲ್ಸ್ ಕಟ್ಟಿಸಿಕೊಂಡು ಬರುತ್ತಿದ್ದ, ಮಗನಿಗೆ. ಅಮ್ಮ ಬೇಯಿಸಿದ ಮೊಟ್ಟೆಯನ್ನೂ ಮಗನ ತಟ್ಟೆಗೇ ಹಾಕುತ್ತಿದ್ದಳು, ಓಡಿದವನು ಅವನೇ ಎಂಬಂತೆ. ಮಗ ತಿನ್ನುತ್ತಿದ್ದ. ಮೊದಲ ಕೆಲವು ದಿನ ಅಪ್ಪನ ಮುಖ ನೋಡದೆ ತಿಂದ, ಆಮೇಲೆ ಅದೂ ರೂಢಿಯಾಯಿತು.

ವಸಂತದ ಕ್ರೀಡಾಕೂಟ ಹತ್ತಿರ ಬಂದಾಗ ದೈಹಿಕ ಶಿಕ್ಷಣದ ಚಿಯಾವ್ ಮೇಡಂ ಜಿಂಗ್‌ಹಾನನನ್ನು ಕರೆಸಿದರು. ಗಿಡ್ಡ ಹೆಂಗಸು, ಕೊರಳಲ್ಲಿ ಸೀಟಿ, ಮಾತಾಡಿದರೆ ಮೈದಾನಕ್ಕೆಲ್ಲ ಕೇಳುವ ಗಂಟಲು. ಹುಡುಗನಿಗೆ ನಾಯಿಯ ಕಥೆ ನೆನಪಾಯಿತು.

"ನಿನ್ನ ಓಟ ನೋಡಿದೆ ಕಣೋ!" ಎಂದು ಮೇಡಂ ಬೆನ್ನಿಗೆ ಗುದ್ದಿದರು. "ಒಂದು ದಿನ ತಪ್ಸಿಲ್ಲ. ಮಳೇಲೂ ಓಡಿದೀಯ. ಎಷ್ಟು ಜನ ಹುಡುಗರು ಓದಿನ ಒತ್ತಡ ತಡೀಲಾರ್ದೆ ನನ್ನ ಹತ್ರ ಬಂದು ಅಳ್ತಾರೆ ಗೊತ್ತಾ? ಕ್ರೀಡಾಕೂಟದಲ್ಲಿ ಅವ್ರಿಗೆ ನೀನು ನಾಕು ಮಾತು ಹೇಳ್ಬೇಕು. ಓಡಿ ಹೆಂಗೆ ಹಗುರ ಆದೆ ಅಂತ. ಆಮೇಲೆ ಎಲ್ರ ಮುಂದೆ ಒಂದು ಸುತ್ತು ಓಡು. ಸೀಟಿನ ಕಮಿಟಿಯೋರಿಗೂ ಹೇಳಿದೀನಿ, ಇಂಥ ಹುಡುಗನ್ನ ಬಿಡ್ಬೇಡಿ ಅಂತ."

ಆಗಲೇ ಹೇಳಿಬಿಡಬಹುದಿತ್ತು. ಸೀಟು ಅಂದ ಕೂಡಲೇ ಅವನ ಕಿವಿಗೆ ಬೇರೇನೂ ಕೇಳಲಿಲ್ಲ, ನಿಜ. ಆದರೆ ಅದೊಂದೇ ಅಲ್ಲ. ಬೆನ್ನಿಗೆ ಬಿದ್ದ ಆ ಗುದ್ದು ಅವನಿಗೆ ಹಿತವಾಗಿತ್ತು. "ಸರಿ ಮೇಡಂ" ಎಂದ. ಹೊರಗೆ ಬಂದರೆ ಹಾಸ್ಟೆಲಿನ ಗೆಳೆಯ ಸೂ ಕಾಯ್ ಗೋಡೆಗೆ ಒರಗಿ ನಿಂತಿದ್ದ. "ಏನ್ ಮಗಾ, ಎರಡನೇ ಮಹಡಿಗೆ ಲಿಫ್ಟ್ ಹುಡುಕೋನು ಓಟದ ಸ್ಟಾರ್ ಅಂತೆ? ಯಾವ ನಾಯಿನೋ?" ಎಂದು ಕಿಸಿಕಿಸಿ ನಕ್ಕ. ಜಿಂಗ್‌ಹಾನ್ ಕಿವಿಯ ಮೇಲೆ ಹಾಕಿಕೊಳ್ಳದವನ ಹಾಗೆ ನಡೆದ. ಕಿವಿ ಮಾತ್ರ ಕೆಂಪಗಾಗಿತ್ತು.

ಮಾತಾಡಬೇಕಲ್ಲ, ಏನು ಮಾತಾಡುವುದು? ಓಡಿದ್ದರೆ ತಾನೇ ಗೊತ್ತಿರುವುದು. ಆ ದಿನ ಊಟದ ಹೊತ್ತಿಗೆ ಅಪ್ಪನನ್ನೇ ಕೇಳಿದ: "ಓಡ್ಬೇಕಾದ್ರೆ ಹೆಂಗನ್ಸುತ್ತಪ್ಪ?"

ಕಮಲದ ಬೇರಿನ ಸಾರು ಬಡಿಸುತ್ತಿದ್ದ ಅಪ್ಪನ ಸೌಟು ನಿಂತಿತು. ಮಗ ತನ್ನನ್ನು ಏನಾದರೂ ಕೇಳಿ ಎಷ್ಟು ಕಾಲವಾಗಿತ್ತೋ, ಮನುಷ್ಯ ಹುಡುಗಿಯ ಹಾಗೆ ನಾಚಿಕೊಂಡ. "ಏನನ್ಸೋದು... ಮೊದ್ಲು ಎಲ್ರನ್ನೂ ಬೈಕೊಂಡು ಓಡ್ತೀನಿ. ಬಸ್ಸಿಂದ ಇಳಿಸಿದ ಆ ಬಡ್ಡಿಮಗ ಮ್ಯಾನೇಜರನ್ನ, ಡಾಕ್ಟರನ್ನ, ನಿಮ್ಮಮ್ಮನ್ನೂ..."

"ನನ್ನನ್ಯಾಕ್ರೀ?" ಎಂದಳು ಅಮ್ಮ.

"ಕೇಳೇ. ಆಮೇಲೆ ಏದುಸಿರು ಬಂತು ಅಂದ್ರೆ ಬೈಯಕ್ಕೂ ಉಸಿರಿರಲ್ಲ. ಬೈಯೋದು ನಿಂತ್ಮೇಲೆ ಒಳಗೇನೂ ಇರಲ್ಲ ಕಣೋ. ಕೊನೇ ಸ್ಟಾಪಲ್ಲಿ ಎಲ್ರೂ ಇಳಿದ ಬಸ್ಸಿನ ಥರ. ಖಾಲಿ. ಎಷ್ಟು ಚೆನ್ನಾಗಿರುತ್ತೆ ಅಂತೀಯ!" ಸೌಟನ್ನು ಪಾತ್ರೆಗೆ ಬಿಟ್ಟು, ತಗ್ಗಿದ ದನಿಯಲ್ಲಿ ಮತ್ತೊಂದು ಸೇರಿಸಿದ: "ಕೈಯಲ್ಲಿ ಹಿಡ್ಕೊಂಡು ಹಿಡ್ಕೊಂಡು ನಿನ್ನ ಫೋನು ಬೆಚ್ಚಗಾಗಿರುತ್ತೆ. ನಿನ್ನ ಕೈ ಹಿಡ್ಕೊಂಡು ಶಾಲೆಗೆ ಕರ್ಕೊಂಡು ಹೋಗ್ತಿದ್ನಲ್ಲ, ಹಂಗನ್ಸುತ್ತೆ."

ಜಿಂಗ್‌ಹಾನ್ ಬಟ್ಟಲಿನಲ್ಲಿ ಮುಖ ಹುದುಗಿಸಿದ. ಖಾಲಿ ಬಸ್ಸಿನ ಮಾತನ್ನು ತಲೆಯಲ್ಲಿ ಇಟ್ಟುಕೊಂಡ. ಕೈ ಹಿಡಿದ ಮಾತು ಭಾಷಣಕ್ಕೆ ಬರುವಂಥದ್ದಲ್ಲ ಅಂತ ಬಿಟ್ಟ. "ನಾನೂ ಬಂದು ನೋಡ್ಲಾ?" ಎಂದು ಅಪ್ಪ ಕೇಳಿದ್ದಕ್ಕೆ "ಬೇಡ. ಹೊರಗಿನೋರನ್ನ ಬಿಡಲ್ಲ" ಎಂದ. ಬಿಡುತ್ತಾರೆ ಅಂತ ಇಬ್ಬರಿಗೂ ಗೊತ್ತಿತ್ತು.

ಕ್ರೀಡಾಕೂಟದ ದಿನ ಮೈದಾನ ತುಂಬಿತ್ತು. ಬಿಸಿಲಿಗೆ ಹುಡುಗರು ಕಾರ್ಯಕ್ರಮದ ಹಾಳೆ ತಲೆಯ ಮೇಲೆ ಹಿಡಿದು ಕೂತಿದ್ದರು, ಯಾರಿಗೂ ಭಾಷಣ ಬೇಕಿರಲಿಲ್ಲ. ಜಿಂಗ್‌ಹಾನ್ ಮೈಕಿನ ಮುಂದೆ ನಿಂತು, ಬೈದುಕೊಂಡು ಓಡುವ ಮಾತು ಹೇಳಿದ, ಖಾಲಿ ಬಸ್ಸಿನ ಮಾತು ಹೇಳಿದ. ಚಿಯಾವ್ ಮೇಡಂ ತಲೆದೂಗಿದರು. ಮುಂದಿನ ಸಾಲಿನಲ್ಲಿದ್ದ ಸೂ ಕಾಯ್ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು, ಸದ್ದಿಲ್ಲದೆ ಬೊಗಳಿ ತೋರಿಸಿದ. ಪಕ್ಕದವರು ಕಿಸಕ್ಕೆಂದರು. ಹುಡುಗನಿಗೆ ಈ ನಗುವನ್ನು ಬೇರೆ ಕಡೆ ತಿರುಗಿಸಬೇಕು, ಈಗಲೇ ತಿರುಗಿಸಬೇಕು ಅನ್ನಿಸಿ, ಯೋಚಿಸದೆ ಬಾಯಿ ಬಿಟ್ಟ.

"ದಾರೀಲಿ ದಿನಾ ಒಬ್ರು ಅಂಕಲ್ ಸಿಗ್ತಾರೆ" ಎಂದ. "ದಪ್ಪ ಹೊಟ್ಟೆ. ಯಾರ್ದೋ ಹೈಸ್ಕೂಲ್ ಯೂನಿಫಾರಂ ಹಾಕ್ಕೊಂಡಿರ್ತಾರೆ, ನೀಲಿ ಬಿಳಿ, ಜಿಪ್ಪೇ ಹತ್ತಲ್ಲ. ಬುಸ್ ಬುಸ್ ಅಂತ ಬಸ್ ಬ್ರೇಕ್ ಹಾಕಿದಂಗೆ ಉಸಿರು ಬಿಡ್ತಾರೆ. ನಂಗೆ ಓದಿನ ಚಿಂತೆ ಜಾಸ್ತಿ ಆದಾಗೆಲ್ಲ ಅವ್ರನ್ನ ನೋಡ್ತೀನಿ. ನಗು ಬಂದು ಚಿಂತೆ ಹಾರೋಗುತ್ತೆ!"

ಮೈದಾನಕ್ಕೆ ಮೈದಾನವೇ ನಕ್ಕಿತು. ಹಿಂದಿನ ಸಾಲಿನವರು ಬುಸ್ ಬುಸ್ ಅಂದರು. ಅವನೂ ನಕ್ಕ. ನಗುತ್ತಲೇ ತಲೆ ಎತ್ತಿದವನಿಗೆ ತಂತಿ ಬೇಲಿಯ ಆಚೆ ನೀಲಿ-ಬಿಳಿ ಬಟ್ಟೆ ಕಂಡಿತು, ಜಿಪ್ಪು ಈಗ ಕೊರಳವರೆಗೆ. ಅಪ್ಪ ಎರಡು ಕೈಯಲ್ಲೂ ಬೇಲಿ ಹಿಡಿದು ನಿಂತಿದ್ದ. ಎಲ್ಲರ ಜೊತೆ ಅವನೂ ನಗುತ್ತಿದ್ದ, ಬಾಯಿ ತುಂಬ. ಅಕ್ಕಪಕ್ಕದವರಿಗೆ ತಲೆಯಾಡಿಸಿ ಹೌದು ಹೌದು ಅನ್ನುವಂತೆ ನಗುತ್ತಿದ್ದ. ಭೂಮಿ ಬಾಯಿಬಿಡಬಾರದೇ ಅಂತ ಜನ ಅನ್ನುತ್ತಾರಲ್ಲ, ಅದು ಯಾಕೆ ಅಂತ ಜಿಂಗ್‌ಹಾನನಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು.

ಅಷ್ಟರಲ್ಲಿ ಯಾರೋ ಹುಡುಗಿ ಕೂಗಿದಳು: "ಏ, ಅಲ್ನೋಡ್ರೇ! ಯೂನಿಫಾರಂ ಅಂಕಲ್! ನಿಜವಾಗ್ಲೂ ಇದಾರೆ!"

ಹುಡುಗರು ಸುಮ್ಮನಿರುತ್ತಾರೆಯೇ? ಓಡಿಹೋಗಿ ಗೇಟಿನಿಂದ ಕೈ ಹಿಡಿದು ಎಳೆದುಕೊಂಡು ಬಂದರು, ಪ್ರೀತಿಯಿಂದಲೇ. ಚಿಯಾವ್ ಮೇಡಂ ಮೈಕು ಕಿತ್ತುಕೊಂಡು, "ಬನ್ನಿ ಅಂಕಲ್, ಬೇಜಾರ್ ಮಾಡ್ಕೋಬೇಡಿ, ಹುಡುಗ್ರು. ಈ ಹುಡುಗ ಗೊತ್ತಾ ನಿಮ್ಗೆ?" ಎಂದು ಕೇಳಿದರು.

ಅಪ್ಪ ಮಗನನ್ನು ನೋಡಿದ. ಮಗ ತಲೆ ತಗ್ಗಿಸಿದ. ಅಪ್ಪನಿಗೆ ಅಷ್ಟೇ ಸಾಕಾಯಿತು.

"ಹೆಸ್ರು ಗೊತ್ತಿಲ್ಲ ಮೇಡಂ" ಎಂದ. "ಆದ್ರೆ ದಿನಾ ನೋಡ್ತೀನಿ. ಶಾನೆ ಚೆನ್ನಾಗಿ ಓಡ್ತಾನೆ. ನನ್ನನ್ನ ಹಿಂದೆ ಹಾಕಿ ಗಾಳಿ ಥರ ಹೋಗ್ಬಿಡ್ತಾನೆ. ಇಂಥ ಮಗನ್ನ ಪಡ್ಯೋಕೆ ಪುಣ್ಯ ಮಾಡಿರ್ಬೇಕು."

ಚಪ್ಪಾಳೆಯೋ ಚಪ್ಪಾಳೆ. ಈಗಲಾದರೂ ಒಂದು ಮಾತು, ಎರಡೇ ಅಕ್ಷರದ ಒಂದು ಮಾತು ಹೇಳು ಅಂತ ಜಿಂಗ್‌ಹಾನನ ಒಳಗೆ ಯಾರೋ ಒದೆಯುತ್ತಿದ್ದರು. ಹೇಳಿದರೆ ನೋಟೀಸ್ ಬೋರ್ಡು, ಹೇಳಿದರೆ ಸೀಟು ಹೋಯಿತು. ಅವನು ಬಗ್ಗಿ ಶೂ ಲೇಸು ಬಿಗಿಮಾಡಿಕೊಂಡ.

"ಹಂಗಾದ್ರೆ ಇಬ್ರೂ ಸೇರಿ ಒಂದು ಸುತ್ತು ಓಡ್ಬಿಡಿ!" ಎಂದು ಮೇಡಂ ಸೀಟಿ ಊದೇಬಿಟ್ಟರು.

ಓಡಿದರು. ಮೊದಲ ತಿರುವಿನವರೆಗೆ ಜಿಂಗ್‌ಹಾನ್ ಭಯದ ಬಲದಿಂದ ಓಡಿದ. ಆಮೇಲೆ ಪಕ್ಕೆ ಚುಚ್ಚಿತು, ಕಾಲು ತನ್ನದಲ್ಲ ಅನ್ನಿಸಿತು, ಬಾಯಲ್ಲಿ ಕಬ್ಬಿಣದ ರುಚಿ. ಪಕ್ಕದಲ್ಲಿ ಅಪ್ಪ ಸದ್ದೇ ಇಲ್ಲದೆ, ಅಂಗಡಿಗೆ ಹೋಗುವವನ ಹಾಗೆ ಓಡುತ್ತಿದ್ದ. ಬುಸ್ ಬುಸ್ ಅನ್ನುತ್ತಿದ್ದವನು ಮಗ. "ಮೆಲ್ಲಗೆ ಮಗಾ" ಎಂದು ಅಪ್ಪ ತುಟಿ ಅಲ್ಲಾಡಿಸದೆ ಹೇಳಿದ. "ಉಸ್ರು ಹೊಟ್ಟೆಯಿಂದ ಬಿಡು. ಇನ್ನರ್ಧ." ಆಗದು. ಇನ್ನು ಹತ್ತು ಹೆಜ್ಜೆ ಹಾಕಿದರೆ ಬೀಳುತ್ತೇನೆ ಅಂತ ಹುಡುಗನಿಗೆ ತಿಳಿಯಿತು. ಎದುರಿನ ಸಾಲುಗಳಲ್ಲಿ ಪಿಸುಮಾತು ಶುರುವಾಗಿತ್ತು, ಸೂ ಕಾಯ್ ಎದ್ದು ನಿಂತಿದ್ದ.

ಅಪ್ಪನೂ ಅದನ್ನು ನೋಡಿದ. ನೋಡಿದ್ದೇ "ಅಯ್ಯಯ್ಯೋ!" ಎಂದು ಕೂಗಿ, ಮೀನಖಂಡ ಹಿಡಿದುಕೊಂಡು ದಡಾರನೆ ಕೂತುಬಿಟ್ಟ. ಜಿಂಗ್‌ಹಾನ್ ನಿಂತ. ನಿಲ್ಲಲು ಕಾರಣ ಸಿಕ್ಕಿತಲ್ಲ! ಮೊಣಕಾಲೂರಿ ಕೂತು ಏದುಸಿರು ಬಿಡುತ್ತ ಅಪ್ಪನ ಕಾಲು ಹಿಡಿದ. ಬಿದ್ದ ಮುದುಕನಿಗಾಗಿ ಓಟ ನಿಲ್ಲಿಸಿದ ಹುಡುಗ ಅಂತ ಮೈದಾನ ಮತ್ತೆ ಚಪ್ಪಾಳೆ ಹೊಡೆಯಿತು. ಕೈಯ ಕೆಳಗೆ ಅಪ್ಪನ ಕಾಲು ಮೆತ್ತಗೆ, ಸಡಿಲವಾಗಿತ್ತು. ಅದರಲ್ಲಿ ಯಾವ ಸೆಳೆತವೂ ಇರಲಿಲ್ಲ.

"ಅಪ್ಪಾ..." ಎಂದ.

"ಶ್! ಅಂಕಲ್ ಅನ್ನೋ" ಎಂದು ಅಪ್ಪ ಹಲ್ಲು ಕಚ್ಚಿ ಗದರಿದ. "ಮೇಡಂ ಬರ್ತಿದಾರೆ."

ಚಿಯಾವ್ ಮೇಡಂ ನೀರಿನ ಬಾಟಲಿ ಹಿಡಿದು ಓಡಿ ಬಂದರು. "ತುಂಬ ನೋವಾ ಅಂಕಲ್? ಮನೇಲಿ ಯಾರಿದಾರೆ? ಮಕ್ಕಳಿದ್ರೆ ನಂಬರ್ ಕೊಡಿ, ಕರೆಸ್ತೀನಿ."

"ಒಬ್ಬ ಮಗ ಇದಾನೆ" ಎಂದ ಅಪ್ಪ. "ಬೇಡ ಮೇಡಂ, ಕರೀಬೇಡಿ. ಅವ್ನಿಗೆ ಓದೋದು ಬಹಳ ಇದೆ."

ಆ ಮಾತನ್ನು ಅಪ್ಪ ನಾಟಕಕ್ಕೆ ಹೇಳಲಿಲ್ಲ. ಮನೆಯಲ್ಲಿ, ಮೆಟ್ಟಿಲಲ್ಲಿ, ಡಿಪೋ ಗೇಟಿನಲ್ಲಿ, ನೆಂಟರ ಮದುವೆಯಲ್ಲಿ ದಿನವೂ ಹೇಳುವ ದನಿಯಲ್ಲೇ ಹೇಳಿದ. ಜಿಂಗ್‌ಹಾನನಿಗೆ ತಡೆಯಲಾಗಲಿಲ್ಲ. ಅಳು ಉಕ್ಕಿಬಂತು, ವಾಂತಿ ಬರುವ ಹಾಗೆ.

"ಮಗ ನಾನೇ ಮೇಡಂ" ಎಂದ. "ಇವ್ರು ನಮ್ಮಪ್ಪ. ಓಡಿದ್ದೆಲ್ಲ ಇವ್ರೇ. ನಾನು ಮಲಗಿರ್ತಿದ್ದೆ."

ಮೇಡಂ ಕೈಯಲ್ಲಿದ್ದ ಬಾಟಲಿ ಹಾಗೇ ನಿಂತಿತು. ಅಪ್ಪ ಮಾತ್ರ ಚಂಗನೆ ಎದ್ದ, ನೋವು ಗೀವು ಎಲ್ಲ ಮರೆತು. "ಸುಳ್ಳು ಮೇಡಂ! ಹುಡುಗನಿಗೆ ಬಿಸಿಲು ಹತ್ತಿದೆ. ಅಲ್ಲ... ಕೇಳಿ ಇಲ್ಲಿ, ತಪ್ಪೆಲ್ಲ ನಂದು. ನಂಗೆ ಹೊಟ್ಟೆ ಇಳೀಬೇಕಿತ್ತು. ಫೋನ್ ನಾನೇ ಕಿತ್ಕೊಂಡು ಹೋಗ್ತಿದ್ದೆ. ಅವ್ನದೇನೂ ಇಲ್ಲ. ಶಿಕ್ಷೆ ಗಿಕ್ಷೆ ಇದ್ರೆ ನಂಗೆ ಕೊಡಿ. ಸೀಟಿಗೆ ಮಾತ್ರ ಏನೂ ಮಾಡ್ಬೇಡಿ, ಕೈ ಮುಗೀತೀನಿ." ನಿಜವಾಗಿಯೂ ಕೈ ಮುಗಿದ, ಮಗನ ವಯಸ್ಸಿನ ಹುಡುಗರೆಲ್ಲ ನೋಡುತ್ತಿರುವಾಗ.

ಮೇಡಂ ಆ ದೊಡ್ಡ ಗಂಟಲನ್ನು ತಗ್ಗಿಸಿ ಕೇಳಿದರು: "ಕಿತ್ಕೊಂಡು ಹೋಗ್ತಿದ್ರಾ? ಇವ್ನು ಬೇಡ ಅಂತ ಅನ್ಲಿಲ್ವಾ?"

"ಅಂತಿದ್ದ ಮೇಡಂ. ದಿನಾ ಅಂತಿದ್ದ. ಬೇಡಪ್ಪ, ನಾನೇ ಓಡ್ತೀನಿ, ನಿಂಗ್ಯಾಕೆ ತೊಂದ್ರೆ ಅಂತ ಜಗಳಾನೇ ಆಡ್ತಿದ್ದ."

ಅಪ್ಪ ಮಗನ ಕಡೆ ತಿರುಗಿ, ಹೌದು ಅನ್ನು ಅಂತ ಕಣ್ಣಲ್ಲೇ ಬೇಡಿಕೊಂಡ. ಆ ಸುಳ್ಳು ಸೀಟಿಗೆ ಮಾತ್ರವಲ್ಲ, ಅಪ್ಪನಿಗೂ ಬೇಕಿತ್ತು ಅಂತ ಜಿಂಗ್‌ಹಾನನಿಗೆ ಕಂಡಿತು. ದಿನವೂ ಏರಿಯ ಮೇಲೆ ಓಡುತ್ತ, ಮಗ ಹಾಗೆ ಅಂದಾನು ಅಂತ ಕಾದಿದ್ದನೋ ಏನೋ.

"ಇಲ್ಲ ಮೇಡಂ" ಎಂದ. "ಒಂದು ದಿನಾನೂ ಅನ್ಲಿಲ್ಲ."

ಅಪ್ಪನ ಕೈ ಕೆಳಗಿಳಿಯಿತು. ಅವನು ಯಾರನ್ನೂ ನೋಡದೆ, ಬಗ್ಗಿ ಪ್ಯಾಂಟಿಗೆ ಅಂಟಿದ ಮಣ್ಣು ಕೊಡವಿಕೊಳ್ಳತೊಡಗಿದ.